ಬಿತ್ತುವ ಹದದಲ್ಲಿ ಕಲ್ಲು ಹುಡುಕುವ ಜನ

2024ರ ಜೂನ್ ತಿಂಗಳ ಕೊನೆಯ ವಾರ. ಅಂಗಡಿಯ ಮುಂದೆ ಶೇಂಗಾ ಬೀಜದ ಚೀಲ ಇಳಿಸಿಕೊಳ್ಳುತ್ತಿದ್ದೆ. ಅಕ್ಕನ ಫೋನು ಬಂತು.

"ನಿಮ್ಮ ಭಾವ ಹೋಗಿ ಹದಿನೆಂಟು ದಿನ ಆತಪ್ಪ. ಆರಿದ್ರಾ ಮಳಿ ಬಂದು ಹೊಲ ಹದಕ್ಕ ಬಂದೈತಿ. ಊರಾಗ ಎಲ್ಲಾರೂ ಬಿತ್ತಾಕತ್ಯಾರ. ನಮ್ಮ ನಾಕು ಎಕರೆ ಹಂಗ ಬಿದ್ದೈತಿ. ನೀನಾದ್ರೂ ಹೋಗಿ ಕರ್ಕೊಂಡು ಬಾ."

ಎಲ್ಲಿಗೆ ಹೋಗಿದ್ದಾರೆ ಎಂದು ಅಕ್ಕ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಆಲೂರು, ಆದೋನಿ, ಗುಂತಕಲ್ಲು ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಾರದ ವರ್ಷ ನಮ್ಮ ಜನ ಗುಳೆ ಹೋಗುತ್ತಾರೆ. ಮಳೆ ಬಂದ ವರ್ಷ ಕಲ್ಲು ಹುಡುಕಲು ಹೋಗುತ್ತಾರೆ. ಕಲ್ಲು ಎಂದರೆ ಇಲ್ಲಿ ಒಂದೇ ಅರ್ಥ, ವಜ್ರ. ಆ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಸಿಗುವುದಿಲ್ಲ ಎಂಬ ನಂಬಿಕೆ ಹಳಬರದು.

ಮರುದಿನ ಬೆಳಿಗ್ಗೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಆಲೂರಿನಿಂದ ವಿಜಯದಾಸರ ಚಿಪ್ಪಗಿರಿ ಮೇಲೆ ಗುಂತಕಲ್ಲು, ಅಲ್ಲಿಂದ ತುಗ್ಗಲಿ ಕಡೆಗೆ ಇನ್ನೊಂದು ಬಸ್ಸು, ಕೊನೆಗೆ ಆಟೋ. ಆಟೋದಲ್ಲಿ ನನ್ನೊಡನೆ ಕುಳಿತವರು ಆರು ಜನ. ಇಬ್ಬರು ಸಿರುಗುಪ್ಪದ ಕಡೆಯವರು, ಒಬ್ಬರು ಬಳ್ಳಾರಿಯವರು, ಉಳಿದವರು ತೆಲುಗಿನವರು. ಎಲ್ಲರ ಕೈಯಲ್ಲೂ ಒಂದು ಚೀಲ, ಒಂದು ನೀರಿನ ಕ್ಯಾನು, ಮಡಿಚಿದ ತಾಡಪತ್ರಿ. ಬಾಯಿಬಿಟ್ಟು ಕೇಳದೆಯೇ ಎಲ್ಲರೂ ಎಲ್ಲಿಗೆ ಹೊರಟಿದ್ದಾರೆಂದು ತಿಳಿಯಿತು.

ನಿನ್ನೆ ಮೊನ್ನೆಯ ಹುಚ್ಚಲ್ಲ

ಕರ್ನೂಲು ಜಿಲ್ಲೆಯ ತುಗ್ಗಲಿ, ಮದ್ದಿಕೆರ ಮಂಡಲಗಳು, ಅನಂತಪುರ ಜಿಲ್ಲೆಯ ವಜ್ರಕರೂರು ಮಂಡಲ, ಇವು ಒಂದಕ್ಕೊಂದು ಹತ್ತಿರದ ಸೀಮೆ. ಜೊನ್ನಗಿರಿ, ಪಗಿಡಿರಾಯಿ, ಪೆರವಲಿ, ವಜ್ರಕರೂರು ಎಂಬ ಹೆಸರುಗಳು ಮುಂಗಾರು ಬಂದೊಡನೆ ಬಳ್ಳಾರಿಯಿಂದ ರಾಯಚೂರಿನವರೆಗೆ ಜನರ ಬಾಯಲ್ಲಿ ಓಡಾಡುತ್ತವೆ. ಇವುಗಳಲ್ಲಿ ವಜ್ರಕರೂರಂತೂ 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವ ತನಕ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಊರು. ನಮ್ಮ ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ್ದು 1953ರಲ್ಲಿ. ಹೀಗಾಗಿ ಈ ಹೊಲಗಳಿಗೂ ನಮ್ಮವರಿಗೂ ಇರುವ ನಂಟು ಗಡಿ ಗೆರೆ ಎಳೆಯುವುದಕ್ಕಿಂತ ಹಳೆಯದು.

ವಿಜಯನಗರದ ಕಾಲದಲ್ಲಿ ಅಚ್ಯುತರಾಯನ ಆಳ್ವಿಕೆಯಲ್ಲಿ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಇಲ್ಲಿಯ ವಜ್ರದ ಗಣಿಗಳ ಮಾತು ಬರೆದಿದ್ದಾನೆ. ಒಂದು ತೂಕಕ್ಕಿಂತ ದೊಡ್ಡ ಕಲ್ಲು ಸಿಕ್ಕರೆ ಅದು ಅರಸನಿಗೆ ಸೇರಬೇಕು ಎಂಬುದು ಆಗಿನ ಕಟ್ಟಳೆ. 1881ರಲ್ಲಿ ವಜ್ರಕರೂರಿನಲ್ಲಿ ಸುಮಾರು 67 ಕ್ಯಾರೆಟ್ ತೂಗುವ ಕಲ್ಲು ಸಿಕ್ಕಿತ್ತು. ಐದು ಕ್ಯಾರೆಟ್ಟಿಗೆ ಒಂದು ಗ್ರಾಂ ಎಂಬ ಲೆಕ್ಕ ಹಿಡಿದರೆ ಅದು ಹದಿಮೂರು ಗ್ರಾಮಿಗೂ ಹೆಚ್ಚು. ಅದರ ಸುದ್ದಿ ಹಿಡಿದು ಇಂಗ್ಲಿಷರ ಕಂಪನಿಯೂ ಇಲ್ಲಿ ನೆಲ ಅಗೆಯಿತು, ಲಾಭ ಕಾಣದೆ ಎದ್ದು ಹೋಯಿತು.

ವಜ್ರ ಇಲ್ಲಿ ಯಾಕೆ ಸಿಗುತ್ತದೆ ಎನ್ನುವುದಕ್ಕೆ ಭೂವಿಜ್ಞಾನಿಗಳು ಕೊಡುವ ಉತ್ತರ ಸರಳವಾಗಿದೆ. ನೆಲದಡಿ 150 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಹುಟ್ಟಿದ ವಜ್ರವನ್ನು ಕಿಂಬರ್ಲೈಟ್ ಎಂಬ ಕರಗಿದ ಶಿಲೆ ಕೊಳವೆಯಂತೆ ಮೇಲೆ ತಂದು ಹಾಕುತ್ತದೆ. ವಜ್ರಕರೂರಿನ ಸುತ್ತ ಅಂಥ ಹಲವು ಕೊಳವೆಗಳಿವೆ. ಅವುಗಳ ವಯಸ್ಸು ಸುಮಾರು 110 ಕೋಟಿ ವರ್ಷ. ಅಷ್ಟು ಕಾಲದ ಮಳೆಗಾಳಿಗೆ ಕೊಳವೆಯ ತಲೆ ಸವೆದು, ಅದರೊಳಗಿದ್ದ ಕಲ್ಲು ಹಳ್ಳಕೊಳ್ಳಗಳ ಜೊತೆ ಹರಿದು ಹೊಲಗಳಲ್ಲಿ ಹಂಚಿಹೋಗಿದೆ. ಪ್ರತಿ ಮುಂಗಾರಿಗೆ ಮೇಲ್ಮಣ್ಣು ಒಂದಿಷ್ಟು ಕೊಚ್ಚಿ ಹೋಗುತ್ತದೆ. ಹೊಸ ಕಲ್ಲು ಮುಖ ತೊಳೆದುಕೊಂಡು ಮೇಲೆ ಬರುತ್ತದೆ. ಮಳೆ ನಿಂತು ಬಿಸಿಲು ಬಿದ್ದ ಗಳಿಗೆಯೇ ಹುಡುಕುವವರ ಸುಗ್ಗಿ.

ಹೀಗಾಗಿ ಇಲ್ಲಿ ಗಣಿ ಎಂದರೆ ಸುರಂಗವಲ್ಲ, ಯಂತ್ರವಲ್ಲ. ರೈತನ ಹೊಲವೇ ಗಣಿ, ಬಗ್ಗಿದ ಬೆನ್ನೇ ಯಂತ್ರ.

ಗೊಬ್ಬರದ ಚೀಲದ ಮನೆಗಳು

ನಾನು ಇಳಿದ ಊರಿನ ಹೆಸರು ಬೇಡ. ತುಗ್ಗಲಿ ಮಂಡಲದ ಒಂದು ಸಾಧಾರಣ ಹಳ್ಳಿ ಎಂದಿಟ್ಟುಕೊಳ್ಳಿ. ಊರ ಹೊರಗೆ ಆಂಜನೇಯನ ಗುಡಿ, ಅದರ ಹಿಂದೆ ಕಲ್ಲುಮಡ್ಡಿ, ಮಡ್ಡಿಯ ತುಂಬ ಗುಡಾರಗಳು. ದೂರದಿಂದ ನೋಡಿದರೆ ಜಾತ್ರೆಯ ಅಂಗಡಿಗಳಂತೆ ಕಂಡವು. ಹತ್ತಿರ ಹೋದಾಗ ಜಾತ್ರೆಯ ಸಡಗರ ಯಾರ ಮುಖದಲ್ಲೂ ಇರಲಿಲ್ಲ.

ನಮ್ಮ ಭಾವ ಸಿಕ್ಕರು. ಗಡ್ಡ ಬಿಟ್ಟಿದ್ದರು, ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿ ನಾಚಿದರೋ, ಸಂತೋಷಪಟ್ಟರೋ ಹೇಳಲಾರೆ. "ಬಾರಪ್ಪ, ಉಂಡಿದ್ಯಾ?" ಎಂದಷ್ಟೇ ಕೇಳಿ ತಮ್ಮ ಬಿಡಾರಕ್ಕೆ ಕರೆದುಕೊಂಡು ಹೋದರು.

ಬಿಡಾರ ಎಂದರೆ ಇಷ್ಟು. ಬಳ್ಳಾರಿ ಜಾಲಿಯ ನಾಲ್ಕು ಕವಲುಗೂಟ, ಮೇಲೆ ಒಂದು ಅಡ್ಡಗಳ. ಗೊಬ್ಬರದ ಖಾಲಿ ಚೀಲಗಳನ್ನು ಬಿಚ್ಚಿ ದಬ್ಬಣದಿಂದ ಸುತಳಿ ಹಾಕಿ ಹೊಲಿದ ಹೊದಿಕೆ. ಅದರ ಮೇಲೆ ಬಾಡಿಗೆಗೆ ತಂದ ನೀಲಿ ತಾಡಪತ್ರಿ. ಗಾಳಿಗೆ ಹಾರದಂತೆ ಅಂಚಿಗೆ ಸುತ್ತ ಕಲ್ಲು ಹೇರಿದ್ದರು. ಒಳಗೆ ಎದ್ದು ನಿಲ್ಲುವಂತಿಲ್ಲ, ಬಗ್ಗಿ ಹೋಗಿ ಬಗ್ಗಿ ಬರಬೇಕು. ನೆಲಕ್ಕೆ ಜೋಳದ ಸೊಪ್ಪೆ ಹಾಸಿ ಅದರ ಮೇಲೆ ಗೋಣಿ, ಗೋಣಿಯ ಮೇಲೆ ಕೌದಿ. ಆ ಕೌದಿ ನಮ್ಮ ಅವ್ವ ಹೊಲಿದದ್ದು, ಅಕ್ಕನ ಜೊತೆ ತವರಿಂದ ಹೋದದ್ದು. ಅದನ್ನು ಅಲ್ಲಿ ನೋಡಿ ನನಗೆ ಒಂಥರಾ ಆಯಿತು.

ಇಂಥದ್ದರಲ್ಲಿ ನಾಲ್ಕು ಜನ ಮಲಗುತ್ತಿದ್ದರು. ಮೂರು ಕಲ್ಲಿನ ಒಲೆ ಹೊರಗೆ. ಮಳೆ ಬಂದರೆ ಒಲೆ ಆರಿತು, ಆ ಹೊತ್ತು ಕಟಿರೊಟ್ಟಿ, ಶೇಂಗಾ ಚಟ್ನಿಪುಡಿ. ಅದೂ ತೀರಿದವರು ಊರೊಳಗಿನ ಹೋಟೆಲ್ಲಿಗೆ ಹೋಗಿ ಉಗ್ಗಾಣಿ ಬಜ್ಜಿ ತಿನ್ನಬೇಕು. ನಾವು ಒಗ್ಗರಣೆ ಮಿರ್ಚಿ ಎನ್ನುತ್ತೇವೆ, ಅವರು ಉಗ್ಗಾಣಿ ಎನ್ನುತ್ತಾರೆ. ಮಂಡಕ್ಕಿ ಒಂದೇ, ಹಸಿವೂ ಒಂದೇ.

ಎಲ್ಲರದೂ ಇದೇ ಪರಿಸ್ಥಿತಿಯಲ್ಲ. ಕೈಯಲ್ಲಿ ಕಾಸಿದ್ದವರು ಊರೊಳಗೆ ದಿನಬಾಡಿಗೆಗೆ ಕೋಣೆ ಹಿಡಿಯುತ್ತಾರೆ. ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆಯೂ ಈ ಎರಡು ತಿಂಗಳು ಕೋಣೆ ಎನಿಸಿಕೊಳ್ಳುತ್ತದೆ. ಮೊದಲೇ ಬಂದವರಿಗೆ ಗುಡಿಯ ಕಟ್ಟೆ. ಕೆಲವರು ತಂದ ಆಟೋದಲ್ಲೇ ಕಾಲು ಮಡಿಚಿ ಮಲಗುತ್ತಾರೆ. ಏನೂ ಇಲ್ಲದವರಿಗೆ ಮರದ ಬುಡ.

ನೀರಿನದು ದೊಡ್ಡ ಪಾಡು. ಊರ ನಲ್ಲಿ ಊರವರಿಗೇ ಸಾಲದು. ಅಲ್ಲಿ ಹೊರಗಿನವರು ಕೊಡ ಹಿಡಿದು ನಿಂತರೆ ಜಗಳ ಆಗದೆ ಏನಾದೀತು? ಕುಡಿಯಲು ಕ್ಯಾನಿನ ನೀರು ಕೊಳ್ಳುತ್ತಾರೆ. ಬಳಸಲು ಹಳ್ಳದಲ್ಲಿ ನಿಂತ ಕೆಂಪು ನೀರು. ಸ್ನಾನ ಎಂಬುದು ವಾರಕ್ಕೊಮ್ಮೆ.

ಸಿರುಗುಪ್ಪದ ಕಡೆಯಿಂದ ಎರಡು ಮಕ್ಕಳ ಸಮೇತ ಬಂದಿದ್ದ ಹೆಣ್ಣುಮಗಳೊಬ್ಬಳು ಪಕ್ಕದ ಗುಡಾರದಲ್ಲಿದ್ದಳು. ಕನ್ನಡ ಕೇಳಿ ಮಾತಿಗೆ ಬಂದಳು. "ಗಂಡಸರಿಗೇನಣ್ಣಾ, ಎಲ್ಲಿ ಬೇಕಾದ್ರೂ ಹೋಗ್ತಾರ. ನಾವು ಬೆಳಕು ಹರಿಯೋಕ ಮುಂಚೆ ಎದ್ದು ಜಾಲಿ ಗಿಡದ ಮರಿಗೆ ಹೋಗ್ಬೇಕು. ಹಾವು ಚೇಳು ಅದಾವ. ಹಗಲೆಲ್ಲಾ ನೀರು ಕುಡಿಯಂಗಿಲ್ಲ. ಕುಡಿದ್ರ ಮತ್ತ ಹೋಗ್ಬೇಕಲ್ಲ" ಎಂದಳು. ನಾಲ್ಕು ಗೂಟಕ್ಕೆ ಹಳೆ ಸೀರೆ ಸುತ್ತಿ ಸ್ನಾನದ ಮರೆ ಮಾಡಿಕೊಂಡಿದ್ದಳು. ಆ ಮಡ್ಡಿಯ ಮೇಲಿದ್ದ ಹೆಂಗಸರಿಗೆಲ್ಲ ಅದೊಂದೇ ಬಚ್ಚಲು.

ರಾತ್ರಿ ಬಂದ ಮಳೆ

ಅಂದು ರಾತ್ರಿ ಹತ್ತರ ಸುಮಾರಿಗೆ ಮೂಡಣ ದಿಕ್ಕಿಗೆ ಮಿಂಚತೊಡಗಿತು. ಗುಡಾರದವರೆಲ್ಲ ಹೊರಗೆ ಬಂದು ಆಕಾಶ ನೋಡಿದರು. ರೈತ ಮಳೆಯನ್ನು ನೋಡುವ ಕಣ್ಣು ಒಂದು, ಇವರದು ಇನ್ನೊಂದು. ಮಳೆ ಬೇಕು, ಬಂದರೆ ನಾಳೆ ಕಲ್ಲು ಕಾಣುತ್ತದೆ. ಆದರೆ ಬಂದರೆ ಇವತ್ತು ಮಲಗಲು ಜಾಗವಿಲ್ಲ.

ಹನ್ನೊಂದಕ್ಕೆ ಮಳೆ ಸುರಿಯಿತು. ಮೊದಲು ಗಾಳಿ ಬಂದು ನಮ್ಮ ತಾಡಪತ್ರಿಯ ಒಂದು ಮೂಲೆ ಕಿತ್ತಿತು. ಭಾವ ಹೊರಗೆ ಓಡಿ ಹಗ್ಗ ಹಿಡಿದು ನಿಂತರು, ನಾನು ಇನ್ನೊಂದು ಮೂಲೆ ಹಿಡಿದೆ. ಮಡ್ಡಿಯ ಮೇಲಿಂದ ಹರಿದು ಬಂದ ನೀರು ಸೊಪ್ಪೆಯ ಹಾಸಿಗೆಯ ಅಡಿಗೆ ನುಗ್ಗಿತು. ಹಿಟ್ಟಿನ ಡಬ್ಬಿಯನ್ನು ತಲೆಯ ಮೇಲೆ ಹೊತ್ತುಕೊಂಡು ಎಲ್ಲರೂ ಶಾಲೆಯ ಕಡೆಗೆ ಓಡಿದೆವು.

ಶಾಲೆಯ ಕಟ್ಟೆ ಆಗಲೇ ತುಂಬಿತ್ತು. ಕಾಲು ಚಾಚಲು ಜಾಗವಿಲ್ಲದೆ ಗೋಡೆಗೆ ಒರಗಿ ಕುಳಿತೆವು. ತೆಲುಗು, ಕನ್ನಡ, ಲಂಬಾಣಿ, ಉರ್ದು, ನಾಲ್ಕು ಮಾತುಗಳೂ ಕತ್ತಲೆಯಲ್ಲಿ ಕೇಳುತ್ತಿದ್ದವು. ಸಿರುಗುಪ್ಪದವಳ ಸಣ್ಣ ಮಗುವಿಗೆ ಜ್ವರ. ಮೈ ಕೆಂಡದಂತೆ ಸುಡುತ್ತಿತ್ತು. ಬೆಳಗಿನ ಜಾವ ಮಳೆ ನಿಂತ ಮೇಲೆ ಊರಿನ ಆರ್‌ಎಂಪಿ ಡಾಕ್ಟರನ್ನು ಎಬ್ಬಿಸಿ ಒಂದು ಸೂಜಿ ಹಾಕಿಸಿದೆವು. ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಅವರೇ ಹೇಳಿದರು. ಆ ತಾಯಿ ತಲೆ ಆಡಿಸಿದಳು. ಆದರೆ ಬೆಳಕು ಹರಿದಾಗ ನೋಡುತ್ತೇನೆ, ದೊಡ್ಡ ಮಗಳ ಮಡಿಲಿಗೆ ಮಗುವನ್ನು ಹಾಕಿ ತಾನು ಹೊಲದ ಕಡೆಗೆ ಹೊರಟಿದ್ದಳು.

"ಹೋಗ್ಲೇಬೇಕೇನಮ್ಮಾ?" ಎಂದೆ.

"ಇವತ್ತೇ ಅಲ್ಲೇನಣ್ಣಾ ಕಲ್ಲು ಕಾಣೋದು" ಎಂದಳು.

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮಧ್ಯಾಹ್ನ ಆಟೋದವನಿಗೆ ಹೇಳಿ ತಾಯಿ ಮಕ್ಕಳನ್ನು ಆಸ್ಪತ್ರೆಗೆ ಕಳಿಸಿದೆವು. ಮಗು ಚೇತರಿಸಿಕೊಂಡಿತೆಂದು ಆಮೇಲೆ ತಿಳಿಯಿತು. ಆದರೆ ಒಂದು ಮಾತನ್ನು ಓದುಗರು ಗಮನಿಸಬೇಕು. ಮಳೆಗಾಲದಲ್ಲಿ ಬಯಲಿನಲ್ಲಿ ನಿಂತವರಿಗೆ ಸಿಡಿಲಿನ ಭಯ ದೊಡ್ಡದು. ಗುಡುಗು ಕೇಳಿದೊಡನೆ ಒಂಟಿ ಮರದ ಬುಡಕ್ಕೆ ಓಡುವುದು ನಮ್ಮ ಜನರ ವಾಡಿಕೆ. ಅದೇ ಎಲ್ಲಕ್ಕಿಂತ ಅಪಾಯದ ಜಾಗ.

ಸಾವಿರ ಕಲ್ಲಿನಲ್ಲಿ ಒಂದು ಕಲ್ಲು

ಬೆಳಿಗ್ಗೆ ಭಾವನ ಜೊತೆ ನಾನೂ ಹೋದೆ. ಅವರು ಹುಡುಕುವ ಬಗೆ ನೋಡುವಂತಿತ್ತು. ಸೂರ್ಯನಿಗೆ ಎದುರಾಗಿ ನಡೆಯುತ್ತಾರೆ, ಹೊಳಪು ಕಣ್ಣಿಗೆ ಬೀಳಲಿ ಎಂದು. ಒಂದೊಂದೇ ಹೆಜ್ಜೆ. ಕೈಯಲ್ಲಿ ಸಣ್ಣ ಕಡ್ಡಿ, ಸೊಂಟದಲ್ಲಿ ಒಂದು ಪುಟ್ಟ ಚೀಲ. ಎರಡು ತಾಸಿನಲ್ಲಿ ನನ್ನ ಬೆನ್ನು ಮಾತಾಡತೊಡಗಿತು. ನೂರಾರು ಜನ ಹೀಗೆಯೇ ಬಗ್ಗಿ ಸಾಗುತ್ತಿದ್ದರು, ಯಾರೂ ಮಾತಾಡುತ್ತಿರಲಿಲ್ಲ.

ನನಗೂ ಹೊಳೆಯುವ ಕಲ್ಲುಗಳು ಬೇಕಾದಷ್ಟು ಸಿಕ್ಕವು. ಭಾವ ಒಂದೊಂದನ್ನೇ ನೋಡಿ ಎಸೆದರು. "ಇದು ಬೆಣಚುಕಲ್ಲು. ಇದೂ ಬೆಣಚು. ಅದು ಗಾಜಿನ ಚೂರು."

ಅನುಭವಸ್ಥರು ಹೇಳುವ ಗುರುತುಗಳಲ್ಲಿ ಕೆಲವಕ್ಕೆ ಶಾಸ್ತ್ರದ ಆಧಾರವಿದೆ. ಒರಟು ವಜ್ರ ಅಂಗಡಿಯ ಉಂಗುರದ ಹರಳಿನಂತೆ ಮಿಂಚುವುದಿಲ್ಲ. ಎಣ್ಣೆ ಸವರಿದಂತೆ ಮಂಕಾಗಿ ಹೊಳೆಯುತ್ತದೆ. ನೀರು ಅದಕ್ಕೆ ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ಎರಡು ಗೋಪುರಗಳನ್ನು ಬುಡಕ್ಕೆ ಬುಡ ಸೇರಿಸಿದಂತೆ ಎಂಟು ಮುಖದ ಆಕಾರ ಹಲವು ಕಲ್ಲುಗಳಿಗೆ ಇರುತ್ತದೆ. ಬೆಣಚಿನ ಗಡಸುತನ 7 ಆದರೆ ವಜ್ರದ್ದು 10. ಆದ್ದರಿಂದ ವಜ್ರ ಬೆಣಚನ್ನು ಗೀರುತ್ತದೆ, ಬೆಣಚು ವಜ್ರವನ್ನು ಗೀರಲಾರದು. ಆದರೆ ನಿಜವಾದ ವಜ್ರ ಸುತ್ತಿಗೆ ಏಟಿಗೆ ಒಡೆಯುವುದಿಲ್ಲ ಎಂದು ಕೆಲವರು ನಂಬಿದ್ದಾರೆ. ಇದು ಶುದ್ಧ ತಪ್ಪು. ಗಡಸು ಬೇರೆ, ಗಟ್ಟಿತನ ಬೇರೆ. ಸುತ್ತಿಗೆ ಬಿದ್ದರೆ ವಜ್ರ ಸೀಳುತ್ತದೆ. ಹೀಗೆ ಪರೀಕ್ಷೆ ಮಾಡಲು ಹೋಗಿ ಸಿಕ್ಕ ಅದೃಷ್ಟವನ್ನು ಪುಡಿ ಮಾಡಿಕೊಂಡವರೂ ಇದ್ದಾರು.

ಸಿಗುವುದೇ ಇಲ್ಲವೇ ಎಂದರೆ, ಸಿಗುತ್ತದೆ. 2021ರಲ್ಲಿ ಚಿನ್ನ ಜೊನ್ನಗಿರಿಯ ರೈತರೊಬ್ಬರಿಗೆ 30 ಕ್ಯಾರೆಟ್ ಕಲ್ಲು ಸಿಕ್ಕಿ 1.2 ಕೋಟಿ ರೂಪಾಯಿಗೆ ಮಾರಿದರೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆ ಸುದ್ದಿ ಓದಿದವರ ಮನಸ್ಸು ನೆಲದಲ್ಲಿ ನಿಲ್ಲುವುದಾದರೂ ಹೇಗೆ? ಈಗ ಯೂಟ್ಯೂಬಿನಲ್ಲಿ ದಿನಕ್ಕೊಂದು ವಿಡಿಯೊ ಬರುತ್ತದೆ. ಸಿಕ್ಕವರ ಮುಖ ತೋರಿಸುತ್ತಾರೆ. ಸಿಗದೆ ಬಸ್ ಚಾರ್ಜಿಗೆ ಸಾಲ ಮಾಡಿ ಊರಿಗೆ ಹೋದವರನ್ನು ಯಾರು ತೋರಿಸುತ್ತಾರೆ?

ಹೊಲದ ಯಜಮಾನನ ಮಾತು

ಮಧ್ಯಾಹ್ನ ಒಬ್ಬ ಹಿರಿಯ ರೈತರು ಕೋಲು ಹಿಡಿದು ಬಂದರು. "ಏಮಪ್ಪಾ, ಮೀದಿ ಏ ಊರು?" ಎಂದು ಗದರಿದರು. ಆಲೂರು ಕಡೆ ಎಂದೆ. ಬೀಜ ಗೊಬ್ಬರದ ಅಂಗಡಿಯವನೆಂದು ತಿಳಿದ ಮೇಲೆ ದನಿ ಇಳಿಯಿತು. ಬದುವಿನ ಮೇಲೆ ಕುಳಿತು ಬೀಡಿ ಹಚ್ಚಿದರು. ಅವರ ಮನೆಯ ಹಿರಿಯರು ಕನ್ನಡ ಬಲ್ಲವರಂತೆ, ಅವರಿಗೂ ಅರ್ಥವಾಗುತ್ತಿತ್ತು. ನಾನು ಕನ್ನಡದಲ್ಲಿ, ಅವರು ತೆಲುಗಿನಲ್ಲಿ, ಮಾತು ಸಲೀಸಾಗಿ ನಡೆಯಿತು.

ಅವರು ಹೇಳಿದ್ದರ ಸಾರ ಇಷ್ಟು. ಬಿತ್ತಿ ಒಂಬತ್ತು ದಿನವಾದ ಶೇಂಗಾ ಎರಡು ಎಲೆ ಬಿಟ್ಟಿತ್ತು. ಮಳೆ ನಿಂತ ಮರುದಿನ ಇನ್ನೂರು ಕಾಲು ಅದರ ಮೇಲೆ ನಡೆದವು. ಬೋರ್ಡು ಹಾಕಿದರು, ಕಿತ್ತರು. ಮುಳ್ಳುಬೇಲಿ ಹಾಕಿದರು, ಹಾರಿದರು. "ನನ್ನ ಹೊಲದಾಗ ಸಿಕ್ಕ ಕಲ್ಲು ನನಗ ಸಿಗಲಿಲ್ಲ ಅಂತ ನನಗೇನೂ ಸಂಕಟ ಇಲ್ಲ. ಬಿತ್ತಿದ್ದು ಸಿಗವಲ್ದು ಅನ್ನೋದೇ ಸಂಕಟ" ಎಂಬುದು ಅವರ ಮಾತಿನ ಕನ್ನಡ.

ಕೆಲವು ರೈತರು ಬೇರೆ ದಾರಿ ಹಿಡಿದಿದ್ದಾರೆ. ತಾವೇ ಕೂಲಿ ಇಟ್ಟು ತಮ್ಮ ಹೊಲದಲ್ಲಿ ಹುಡುಕಿಸುತ್ತಾರೆ. ಹೊರಗಿನವರನ್ನು ಬಿಡುವುದಿಲ್ಲ. ತಪ್ಪು ಯಾರದೆಂದು ಹೇಳುವುದು? ತುಳಿಸಿಕೊಂಡವನೂ ರೈತ, ತುಳಿದವನೂ ಇನ್ನೊಂದು ಊರಿನ ರೈತ.

ಟವೆಲ್ಲಿನ ಕೆಳಗಿನ ವ್ಯಾಪಾರ

ಎರಡನೆಯ ರಾತ್ರಿ ಭಾವನಿಗೆ ವಿಷಯ ಎತ್ತಿದೆ. "ಭಾವ, ನಾಳೆ ಮೊದಲನೇ ಬಸ್ಸಿಗೆ ಹೋಗೋಣ. ಅಕ್ಕ ಟ್ರ್ಯಾಕ್ಟರಿಗೆ ಹೇಳ್ಯಾಳ, ಬೀಜ ನಾನು ಕೊಡ್ತೀನಿ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾ ಬರಂಗಿಲ್ಲಪ್ಪ, ಬರಾಕ ಬರಂಗಿಲ್ಲ" ಎಂದರು.

ನಾನು ಅದನ್ನು ಆಸೆ ಎಂದುಕೊಂಡಿದ್ದೆ. ಆಸೆಯಲ್ಲ, ಸಾಲವಾಗಿತ್ತು. 2022ರಲ್ಲಿ ಭಾವನಿಗೆ ಜೋಳದ ಕಾಳಿನಷ್ಟು ಒಂದು ಕಲ್ಲು ಸಿಕ್ಕಿತ್ತು. ಒಬ್ಬ ದಲ್ಲಾಳಿ ಒಂಬತ್ತು ಸಾವಿರ ಕೊಟ್ಟು ತೆಗೆದುಕೊಂಡ. ಅದರ ನಿಜವಾದ ಬೆಲೆ ಎಷ್ಟೆಂದು ಭಾವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ದಲ್ಲಾಳಿಯೇ ಮುಂದಿನ ವರ್ಷದಿಂದ ತಾಡಪತ್ರಿ, ಅಕ್ಕಿ, ಬೇಳೆ, ಕೈಖರ್ಚು ಎಂದು ಮುಂಗಡ ಕೊಡತೊಡಗಿದ. ಕರಾರು ಬಾಯಿಮಾತಿನದು. ಕಲ್ಲು ಸಿಕ್ಕರೆ ಮೊದಲು ಅವನಿಗೇ ತೋರಿಸಬೇಕು, ಅವನು ಹೇಳಿದ್ದೇ ರೇಟು. ಬಾಕಿ ತೀರುವ ತನಕ ಬಿಡಾರ ಕೀಳುವಂತಿಲ್ಲ.

ಈ ವ್ಯಾಪಾರದ ರೀತಿಯೂ ಹಳೆಯದೇ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಬಂದ ವಜ್ರದ ವ್ಯಾಪಾರಿ ಟಾವರ್ನಿಯೆ, ರಾವಲಕೊಂಡ ಎಂಬ ಗಣಿಯ ವಿಚಾರ ವಿವರವಾಗಿ ಬರೆದಿದ್ದಾನೆ. ಕರ್ನೂಲಿನ ದಕ್ಷಿಣಕ್ಕಿರುವ ರಾಮಳ್ಳಕೋಟವೇ ಅದೆಂದು ಹಲವು ಪಂಡಿತರು ಗುರುತಿಸುತ್ತಾರೆ. ಕೊಳ್ಳುವವನೂ ಮಾರುವವನೂ ಎದುರುಬದುರು ಕೂತು, ಬಟ್ಟೆಯ ಮರೆಯಲ್ಲಿ ಕೈ ಹಿಡಿದು ಬೆರಳಿನಲ್ಲೇ ಬೆಲೆ ಕಟ್ಟುತ್ತಿದ್ದರಂತೆ. ಪೂರ್ತಿ ಕೈ ಹಿಡಿದರೆ ಸಾವಿರ, ಒಂದು ಬೆರಳು ಹಿಡಿದರೆ ನೂರು. ಪಕ್ಕದಲ್ಲಿ ಕೂತವನಿಗೂ ಬೆಲೆ ತಿಳಿಯದು. ನಮ್ಮ ದನದ ಸಂತೆಯಲ್ಲಿ ಟವೆಲ್ ಹಾಕಿ ಬೆರಳು ಹಿಡಿಯುವುದನ್ನು ಕಂಡವರಿಗೆ ಇದು ಹೊಸದಲ್ಲ. ಅದೇ ಟಾವರ್ನಿಯೆ ಇನ್ನೊಂದು ಮಾತನ್ನೂ ಬರೆದಿದ್ದಾನೆ. ಆ ಗಣಿಯಲ್ಲಿ ಕೆಲಸ ಬಲ್ಲ ಆಳಿಗೆ ವರ್ಷಕ್ಕೆ ಸಿಗುತ್ತಿದ್ದದ್ದು ಮೂರು ವರಹ. ಕಲ್ಲು ಅರಸರ ಕಿರೀಟಕ್ಕೆ ಹೋಯಿತು, ಆಳು ಗುಡಿಸಲಿನಲ್ಲೇ ಉಳಿದ.

ಈಗ ಟವೆಲ್ ಹೋಗಿ ಮೊಬೈಲ್ ಬಂದಿದೆ. ಕಲ್ಲು ಸಿಕ್ಕಿತೆಂಬ ಸುಳಿವು ಹತ್ತಿದರೆ ದಲ್ಲಾಳಿಗಳು ಬೈಕಿನಲ್ಲಿ ಬರುತ್ತಾರೆ. ಬಿಲ್ಲಿಲ್ಲ, ರಸೀದಿಯಿಲ್ಲ. ವ್ಯಾಪಾರಸ್ಥರಾದ ನಮ್ಮ ಓದುಗರಿಗೆ ಗೊತ್ತು, ತಕ್ಕಡಿಯೂ ದರವೂ ಎರಡೂ ಕೊಳ್ಳುವವನ ಕೈಯಲ್ಲಿದ್ದರೆ ಮಾರುವವನ ಗತಿ ಏನೆಂದು.

ಲೆಕ್ಕ ಹಾಕಿ ನೋಡಿದಾಗ

ಆ ರಾತ್ರಿ ಟಾರ್ಚಿನ ಬೆಳಕಿನಲ್ಲಿ ಭಾವನ ಎದುರಿಗೇ ಲೆಕ್ಕ ಬರೆದೆ. ಮೂರು ಮುಂಗಾರು, ಮುಂಗಾರಿಗೆ ಸರಾಸರಿ ನಲವತ್ತು ದಿನ, ಒಟ್ಟು 120 ದಿನ. ಊರಲ್ಲಿದ್ದಿದ್ದರೆ ದಿನದ ಕೂಲಿ 400 ಹಿಡಿದರೂ 48,000 ರೂಪಾಯಿ. ಸಿಕ್ಕದ್ದು 9,000. ಮೇಲೆ ದಲ್ಲಾಳಿಯ ಬಾಕಿ 7,400. ತಡವಾಗಿ ಬಿತ್ತಿ ಕಳೆದುಕೊಂಡ ಶೇಂಗಾ ಇದರಲ್ಲಿ ಸೇರಿಲ್ಲ. ಅಕ್ಕ ಒಬ್ಬಳೇ ಎತ್ತು, ಎಮ್ಮೆ, ಮಕ್ಕಳನ್ನು ನೋಡಿಕೊಂಡದ್ದಕ್ಕೆ ಕೂಲಿ ಹಾಕಿಲ್ಲ.

ಭಾವ ಚೀಟಿಯನ್ನು ಎರಡು ಸಲ ಓದಿದರು. "ಲೆಕ್ಕ ಸರಿ ಐತಿ. ಆದ್ರ ಹೊಲದ ಲೆಕ್ಕ ಬರದ್ರೂ ಹಿಂಗ ಬರ್ತೈತಲ್ಲೋ ತಮ್ಮ. ಅಲ್ಲಿ ಬರೇ ಸಾಲ. ಇಲ್ಲಿ ಸಾಲದ ಜೊತಿಗೆ ಒಂದು ಆಸಿ" ಎಂದರು. ಬೀಜ ಗೊಬ್ಬರ ಉದ್ದರಿ ಕೊಡುವವನು ನಾನೇ. ನನ್ನ ಪುಸ್ತಕದಲ್ಲೂ ಭಾವನ ಹೆಸರಿನ ಮುಂದೆ ಬಾಕಿ ಇತ್ತು. ಹಾಗಾಗಿ ಸುಮ್ಮನಾದೆ.

ಬೆಳಿಗ್ಗೆ ದಲ್ಲಾಳಿಯನ್ನು ಹುಡುಕಿಕೊಂಡು ಹೋದೆ. ಮರ್ಯಾದಸ್ಥನಂತೆಯೇ ಮಾತಾಡಿದ, ಟೀ ಕುಡಿಸಿದ. ಪಾಕೆಟ್ ಬುಕ್ಕು ತೆಗೆದು ಬಾಕಿ ತೋರಿಸಿದ. ಫೋನ್‌ಪೇ ಮಾಡುತ್ತೇನೆಂದರೆ, "ಅದೆಲ್ಲಾ ಬ್ಯಾಡ, ರೊಕ್ಕಾನೇ ಕೊಡ್ರಿ" ಎಂದ. ಗುಂತಕಲ್ಲಿಗೆ ಹೋಗಿ ಎಟಿಎಮ್ಮಿನಿಂದ ತಂದು ಕೊಟ್ಟೆ. ಅವನು ಹೆಸರಿನ ಮೇಲೆ ಗೀಟು ಹಾಕಿದ. ರಸೀದಿ ಕೇಳಿದ್ದಕ್ಕೆ ನಕ್ಕ.

ಮಧ್ಯಪ್ರದೇಶದ ಪನ್ನಾದಲ್ಲಿಯೂ ಬಡವರು ವಜ್ರ ಹುಡುಕುತ್ತಾರೆ. ಅಲ್ಲಿ ಸರಕಾರದ ವಜ್ರದ ಕಚೇರಿ ಇದೆ. ಸಣ್ಣ ಶುಲ್ಕ ಕಟ್ಟಿದರೆ 8 ಮೀಟರ್ ಉದ್ದ, 8 ಮೀಟರ್ ಅಗಲದ ತುಂಡು ನೆಲವನ್ನು ಅಗೆಯಲು ಪಟ್ಟಾ ಕೊಡುತ್ತಾರೆ. ಸಿಕ್ಕ ಕಲ್ಲನ್ನು ಕಚೇರಿಗೆ ಒಪ್ಪಿಸಬೇಕು. ಅವರು ತೂಗಿ, ಬೆಲೆ ಅಂದಾಜು ಮಾಡಿ, ಹರಾಜು ಹಾಕಿ, ಸುಮಾರು 12 ಪರ್ಸೆಂಟು ರಾಜಧನ ಮತ್ತು ತೆರಿಗೆ ಮುರಿದುಕೊಂಡು ಉಳಿದದ್ದನ್ನು ಹುಡುಕಿದವನಿಗೆ ಕೊಡುತ್ತಾರೆ. ಅಲ್ಲಿಯೂ ಕಳ್ಳ ವ್ಯಾಪಾರ ಇಲ್ಲವೆಂದಲ್ಲ. ಆದರೆ ಸರಿಯಾದ ದಾರಿಯಲ್ಲಿ ಹೋಗುತ್ತೇನೆ ಎನ್ನುವವನಿಗೆ ಒಂದು ಬಾಗಿಲಿದೆ. ಇಲ್ಲಿ ಆ ಬಾಗಿಲೇ ಇಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಗಣಿ ಮಾಡುವಂತಿಲ್ಲ ಎಂಬುದು ಸರಿ. ಆದರೆ ಮಳೆ ತೊಳೆದಿಟ್ಟ ಕಲ್ಲನ್ನು ಹೆಕ್ಕಿದ ಬಡವನು ಅದನ್ನು ಎಲ್ಲಿಗೆ ಒಯ್ಯಬೇಕು?

ಈ ಎರಡು ತಿಂಗಳಿಗೆ ಮಡ್ಡಿಯ ಮೇಲೆ ಒಂದು ತಗಡಿನ ಶೆಡ್ಡು, ನೀರಿನ ಟ್ಯಾಂಕರು, ಹೆಂಗಸರಿಗೆ ನಾಲ್ಕು ಶೌಚಾಲಯ, ವಾರಕ್ಕೆರಡು ಸಲ ಒಬ್ಬ ನರ್ಸಮ್ಮ, ಬಿತ್ತಿದ ಹೊಲಕ್ಕೆ ಕಾಲಿಡದಂತೆ ಊರವರ ಕಟ್ಟುಪಾಡು, ಇಷ್ಟು ಮಾಡಿದರೆ ಸರಕಾರಕ್ಕೇನೂ ಹೊರೆಯಾಗದು. ಜಾತ್ರೆಗೆ ಮಾಡುವುದಿಲ್ಲವೇ? ಇದೂ ಪ್ರತಿವರ್ಷ ಬರುವ ಜಾತ್ರೆಯೇ. ತೇರಿಲ್ಲ, ಅಷ್ಟೆ.

ಕೌದಿ ಊರಿಗೆ ಬಂತು

ಮೂರನೆಯ ದಿನ ಸಂಜೆ ಭಾವನನ್ನು ಕರೆದುಕೊಂಡು ಬಂದೆ. ತಾಡಪತ್ರಿಯನ್ನು ದಲ್ಲಾಳಿಗೆ ಮರಳಿಸಿದೆವು, ಗೊಬ್ಬರ ಚೀಲದ ಹೊದಿಕೆಯನ್ನು ಸಿರುಗುಪ್ಪದವಳಿಗೆ ಕೊಟ್ಟೆವು. ಒದ್ದೆ ಕೌದಿಯನ್ನು ಭಾವ ಹೆಗಲ ಮೇಲೆ ಹಾಕಿಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಕಿಟಕಿಯಿಂದ ಹೊಲಗಳನ್ನೇ ನೋಡುತ್ತಿದ್ದರು. ಬೆಳೆ ನೋಡುತ್ತಿದ್ದರೋ, ಕಲ್ಲು ನೋಡುತ್ತಿದ್ದರೋ ಕೇಳಲು ಹೋಗಲಿಲ್ಲ.

ಊರು ಮುಟ್ಟುವ ಹೊತ್ತಿಗೆ ಹದ ಆರಿತ್ತು. ಪುನರ್ವಸು ಮಳೆಗೆ ಕಾದು ಬಿತ್ತಬೇಕಾಯಿತು. ಆ ವರ್ಷ ಪಕ್ಕದ ಹೊಲದವರಿಗಿಂತ ನಮ್ಮವರಿಗೆ ಎಕರೆಗೆ ಎರಡು ಚೀಲ ಕಡಿಮೆ ಬಂತು. ಅಕ್ಕ ಅದನ್ನು ಬಾಯಿಬಿಟ್ಟು ಆಡಲಿಲ್ಲ. ದಲ್ಲಾಳಿಗೆ ಕೊಟ್ಟ ಹಣವನ್ನು ನಾನು ಪುಸ್ತಕಕ್ಕೆ ಬರೆಯಲಿಲ್ಲ.

2025ರ ಮುಂಗಾರಿಗೆ ಏನಾಯಿತೆಂದು ಓದುಗರು ಕೇಳಬಹುದು. ಮಳೆ ಬಿದ್ದ ಮೂರನೆಯ ದಿನಕ್ಕೇ ಭಾವ ನಾಲ್ಕು ಎಕರೆ ಬಿತ್ತಿ ಮುಗಿಸಿದರು. ಬಿತ್ತಿದ ಸಂಜೆ ಅಂಗಡಿಗೆ ಬಂದು ಒಂದು ಹೊಸ ತಾಡಪತ್ರಿ ಕೊಂಡರು. ನಗದು ಕೊಟ್ಟು ಕೊಂಡರು.

"ಎಂಟು ದಿನ ಅಷ್ಟ. ಎಡೆ ಹೊಡಿಯಾಕ ಬರ್ತೀನಿ. ಯಾರ ಹತ್ರಾನೂ ಮುಂಗಡ ತಗೊಳ್ಳಂಗಿಲ್ಲ" ಎಂದರು.

ನಾನು ಅಕ್ಕನಿಗೆ ಫೋನು ಮಾಡಿದೆ. ಅವಳು ಆಗಲೇ ರೊಟ್ಟಿ ಬಡಿಯಲು ಕುಳಿತಿದ್ದಳು.

"ಹೋಗ್ಲಿ ಬಿಡಪ್ಪ, ಬಿತ್ತಿ ಹೊಂಟಾರಲ್ಲ" ಎಂದಳು. "ಆದ್ರ ಈ ಸಲ ಕೌದಿ ಕೊಡಂಗಿಲ್ಲ. ಗೋಣಿ ಮ್ಯಾಲ ಮಲಗ್ಲಿ. ಬೆನ್ನು ನೊಂದ್ರ ಲಗೂನ ಬರ್ತಾರ."

ಎಂಟು ದಿನ ಎಂದವರು ಹನ್ನೊಂದನೆಯ ದಿನ ಬಂದರು. ಬರಿಗೈಯಲ್ಲೇ ಬಂದರು, ಆದರೆ ಯಾರ ಬಾಕಿಯನ್ನೂ ಹೊತ್ತು ಬರಲಿಲ್ಲ. ಮರುದಿನ ಹೊಲದಲ್ಲಿ ಎಡೆ ಹೊಡೆಯುತ್ತಿದ್ದರು.